ಹನ್ನೊಂದನೆಯ ಸುತ್ತು

ಅಪಿಯಾ
೧೩ ಫೆಬ್ರುವರಿ ೨೦೧೨

ದೊಡ್ಡಪ್ಪನವರಿಗೆ ಲಾಂಗಿಮೈನಾಳ ನಮಸ್ಕಾರಗಳು.

ಅಪ್ಪ ತೀರಿಕೊಂಡ ಮೇಲೆ ಮೂರು ವರ್ಷ ನಿಮಗೆ ಬರೆದಿಲ್ಲ. ಈಗ ಬರೆಯುತ್ತಿರುವುದೂ ಕೆಲಸವಿದೆ ಎಂದೇ. ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬಂದರೆ ನೀವು ಕಾಗದದ ಬೆನ್ನಿಗೆ ಏನಿದೆಯೆಂದು ತಿರುಗಿಸಿ ನೋಡುವವರು. ಅದಕ್ಕೇ ನೇರವಾಗಿ ಹೇಳಿಬಿಡುತ್ತೇನೆ.

ಇಲ್ಲಿನ ಶಾಲೆಯಲ್ಲಿ ಹತ್ತನೇ ತರಗತಿಗೆ ಕಂಪ್ಯೂಟರ್ ಕಲಿಸುತ್ತೇನೆ. ಒಂಬತ್ತು ಯಂತ್ರಗಳಿವೆ, ನಾಲ್ಕು ನಡೆಯುತ್ತವೆ. ಮಕ್ಕಳು ಪುಸ್ತಕದ ಆಜ್ಞೆಗಳನ್ನು ಭಾನುವಾರದ ಬೈಬಲ್ ವಾಕ್ಯಗಳಂತೆ ಬಾಯಿಪಾಠ ಒಪ್ಪಿಸುತ್ತಾರೆ. ಅರ್ಥ ಕೇಳಿದರೆ ನೆಲ ನೋಡುತ್ತಾರೆ. ಕಳೆದ ತಿಂಗಳು ಒಂದು ಮದುವೆಗೆ ಹೋಗಿ ಗೋಡೆಯಿಲ್ಲದ ಹಳೆಯ ಕಂಬದ ಮನೆಯೊಂದರಲ್ಲಿ, ಫಾಲೆಯಲ್ಲಿ, ಕುಳಿತಿದ್ದೆ. ಭಾಷಣ ಮುಗಿಯುವಂತಿರಲಿಲ್ಲ, ತಲೆಯೆತ್ತಿ ಮಾಡು ನೋಡುತ್ತಿದ್ದೆ. ಒಂದು ಮೊಳೆಯಿಲ್ಲ, ಎಲ್ಲಾ ನಾರಿನ ಹಗ್ಗದ ಕಟ್ಟು. ಒಂದೇ ಕಟ್ಟು ಜೋಡಣೆಯಿಂದ ಜೋಡಣೆಗೆ ಮರುಕಳಿಸುತ್ತದೆ. ಮಾಡು ದುಂಡಗೆ ತಿರುಗಿದ ಕೂಡಲೇ ಕಟ್ಟು ಬದಲಾಗುತ್ತದೆ. ಸಣ್ಣ ಕಟ್ಟುಗಳು ಸೇರಿ ನೆತ್ತಿಯಲ್ಲಿ ದೊಡ್ಡದೊಂದು. ಇಷ್ಟು ಸಲ ಹೀಗೆ ಮಾಡು, ಹೀಗಾದರೆ ಬೇರೆ ಮಾಡು, ಚಿಕ್ಕದನ್ನು ಸೇರಿಸಿ ದೊಡ್ಡದು ಮಾಡು: ನಾನು ವರ್ಷವಿಡೀ ಹಲಗೆಯ ಮೇಲೆ ಬರೆದು ಸೋತದ್ದೆಲ್ಲ ತಲೆಯ ಮೇಲೇ ಇತ್ತು.

ಶಾಲೆಯ ಅಂಗಳದಲ್ಲಿ ಸಣ್ಣ ಫಾಲೆಯೊಂದನ್ನು ಮಕ್ಕಳು ನಿಮ್ಮ ಕೈಕೆಳಗೆ ಕಟ್ಟಬೇಕು. ಪ್ರತಿ ಹೆಜ್ಜೆಯನ್ನೂ ಬರೆದುಕೊಂಡು ಯಂತ್ರಕ್ಕೆ ಹೇಳಿಕೊಡಬೇಕು. ನಮ್ಮ ಮನೆತನದ ನೆತ್ತಿಕಟ್ಟನ್ನೂ ಕಲಿಯಬೇಕೆಂದು ನನ್ನ ಆಸೆ. ಹೊರದೇಶದ ಒಂದು ಸಂಸ್ಥೆ ಮರ ಕೊಡುತ್ತದೆ, ಐದು ಹೊಸ ಯಂತ್ರ ಕೊಡುತ್ತದೆ. ಅವರ ಕಡೆಯಿಂದ ಡಂಕನ್ ಎಂಬವರು ನ್ಯೂಜಿಲೆಂಡಿನಿಂದ ಬಂದು ಚಿತ್ರೀಕರಿಸುತ್ತಾರೆ. ಒಪ್ಪಿಗೆಪತ್ರ ಇದರ ಜೊತೆಗಿದೆ. ದಯವಿಟ್ಟು ರುಜು ಹಾಕಿ ಬಸ್ಸಿನವರ ಕೈಯಲ್ಲಿ ಕಳಿಸಿ.

ನಿಮ್ಮ ತಮ್ಮನ ಮಗಳು,
ಲಾಂಗಿಮೈನಾ

•

ಸವಾಯಿ ದ್ವೀಪ
೨೭ ಫೆಬ್ರುವರಿ ೨೦೧೨

ಮಗಳೇ ಲಾಂಗಿಮೈನಾ,

ಮೂರು ವರ್ಷದ ಹಿಂದೆ ಬಲಕ್ಕೆ ಓಡುತ್ತಿದ್ದ ಗಾಡಿಗಳನ್ನು ಸರ್ಕಾರ ಎಡಕ್ಕೆ ಓಡಿಸಿತು. ಮೊನ್ನೆ ಡಿಸೆಂಬರಿನಲ್ಲಿ ಕ್ಯಾಲೆಂಡರ್ ತಿದ್ದುತ್ತೇವೆಂದು ಒಂದು ಶುಕ್ರವಾರವನ್ನೇ ನುಂಗಿ ನೀರು ಕುಡಿಯಿತು. ಗುರುವಾರ ಮಲಗಿದವರು ಶನಿವಾರ ಎದ್ದೆವು. ಎರಡು ಸಲವೂ ನಿಮ್ಮ ಒಳ್ಳೆಯದಕ್ಕೇ ಎಂದರು. ಈಗ ನೀನು ಮಕ್ಕಳ ಒಳ್ಳೆಯದಕ್ಕೆ ಎನ್ನುತ್ತೀಯ.

ಇಂಗ್ಲಿಷಿನ ಒಪ್ಪಿಗೆಪತ್ರವನ್ನು ಪಾದ್ರಿಯವರಿಂದ ಎರಡು ಸಲ ಓದಿಸಿದೆ. ಏಳನೆಯ ಕಲಮಿನಲ್ಲಿ, ಚಿತ್ರೀಕರಿಸಿದ್ದೆಲ್ಲ ಆ ಸಂಸ್ಥೆಗೆ ಸೇರಿದ್ದು, ಅವರು ಎಲ್ಲಿ ಬೇಕಾದರೂ ಹೇಗೆ ಬೇಕಾದರೂ ಬಳಸಬಹುದು ಎಂದಿದೆ. ನೀನು ಅದನ್ನು ಓದಿಯೇ ಕಳಿಸಿದೆಯೋ ಓದದೆ ಕಳಿಸಿದೆಯೋ? ಎರಡರಲ್ಲಿ ಯಾವುದು ಕೆಟ್ಟದ್ದೆಂದು ನನಗೆ ಇನ್ನೂ ತಿಳಿದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ.

ನಿನ್ನ ಅಜ್ಜಿಯಾಗಿದ್ದರೆ ಮೇಸ್ತ್ರಿಯನ್ನು ಕರೆಯಲು ಕಾಣಿಕೆಗೆಂದು ನಯವಾಗಿ ಹೆಣೆದ ಚಾಪೆ ಹೊತ್ತು ಅಂಗಳಕ್ಕೆ ಬರುತ್ತಿದ್ದಳು. ನೀನು ಕಾಗದ ಕಳಿಸಿದೆ. ದೊಡ್ಡಪ್ಪ ತಾನೇ, ಸ್ವಂತದವರಿಗೆ ಶಾಸ್ತ್ರ ಯಾಕೆ ಎಂದುಕೊಂಡಿರಬೇಕು. ಹೊರಗಿನವರು ಮರೆತರೆ ಮರೆವು, ಮನೆಯವರು ಮರೆತರೆ ಅವಮಾನ.

ಇನ್ನು ನೆತ್ತಿಕಟ್ಟಿನ ಮಾತು. ಅದನ್ನು ಕೇಳುವ ಧೈರ್ಯ ನಿನ್ನ ಅಪ್ಪನ ಮಗಳಿಗಲ್ಲದೆ ಬೇರೆ ಯಾರಿಗೆ ಬರಬೇಕು? ಹತ್ತೊಂಬತ್ತು ವರ್ಷದ ಹಿಂದೆ ನಿನ್ನಪ್ಪ ಮೋಸೆ ಅದನ್ನು ಈ ದ್ವೀಪದ ಕಡಲಂಚಿನ ಹೋಟೆಲಿನವರಿಗೆ ಕಟ್ಟಿಕೊಟ್ಟ. ನಮ್ಮ ಮನೆತನದ ಕಟ್ಟು ಹೋಟೆಲಿನ ಕಂಬಕ್ಕೆ ಬಂದಿದೆ ಎಂದು ಊರೆಲ್ಲ ನನ್ನ ಮುಖಕ್ಕೇ ಹೇಳಿತು. ಅವನನ್ನು ಕರೆದು ಕೇಳಿದೆ. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದೇ ಮಾತು: "ಹೋಗಿ ನೋಡ್ಕೊಂಡ್ ಬಾ, ಅಣ್ಣ." ಕಳ್ಳತನವನ್ನು ಹೋಗಿ ಬೇರೆ ನೋಡಬೇಕೇ? ನಾನು ಆ ಅಂಗಳಕ್ಕೆ ಕಾಲಿಡುವುದಿಲ್ಲವೆಂದು ಆಣೆ ಇಟ್ಟೆ. ಅವನು ಸಾಯುವ ತನಕ ನಾವು ಮಾತಾಡಲಿಲ್ಲ.

ರುಜು ಹಾಕಿಲ್ಲ. ಕಾಗದದ ಬೆನ್ನು ಖಾಲಿಯಿತ್ತು, ಅದರ ಮೇಲೇ ಇದನ್ನು ಬರೆದಿದ್ದೇನೆ.

ಸೆಪುಲೋನಾ

•

ಸವಾಯಿ ದ್ವೀಪ
೩೦ ಏಪ್ರಿಲ್ ೨೦೧೨

ಲಾಂಗಿಮೈನಾ,

ಕ್ಷೇಮವಾಗಿ ಊರು ಸೇರಿದೆ. ದೋಣಿಯಲ್ಲಿ ಯಾರೋ ನನ್ನ ಚೀಲ ಮುಟ್ಟಿದಂತಿತ್ತು, ಬಿಚ್ಚಿ ನೋಡಿದರೆ ಎಲ್ಲವೂ ಇದೆ.

ನೀನು ಈಸ್ಟರಿಗೆ ಮೊದಲು ಚಾಪೆ ಹೊತ್ತು ಅಂಗಳದಲ್ಲಿ ಬಂದು ಕುಳಿತದ್ದನ್ನು ನಿನ್ನ ದೊಡ್ಡಮ್ಮ ಸಲೋಟೆ ಇನ್ನೂ ಬೀದಿಯವರಿಗೆಲ್ಲ ಹೇಳುತ್ತಿದ್ದಾಳೆ. ಅದು ನಿನ್ನ ಅಜ್ಜಿ ಹೆಣೆದ ಚಾಪೆ ಎಂದು ಅಂಚು ನೋಡಿದಾಗಲೇ ಗೊತ್ತಾಯಿತು. ಅದಕ್ಕೇ ಬಂದೆ, ಇಲ್ಲದಿದ್ದರೆ ಬರುತ್ತಿರಲಿಲ್ಲ.

ನಿಮ್ಮ ಶಾಲೆಯ ಫಾಲೆ ಕಟ್ಟಿದ ಹನ್ನೆರಡು ದಿನದಲ್ಲಿ ಮೊದಲ ದಿನದ ಊಟವೊಂದನ್ನು ಬಿಟ್ಟು ಬೇರೆ ದೂರಿಲ್ಲ. ಮೇಸ್ತ್ರಿಗೆ ಡಬ್ಬಿ ಮೀನು! ನಾನು ಬಾಚಿ ಕೆಳಗಿಟ್ಟಾಗ ನಿಮ್ಮ ಹೆಡ್‌ಮಾಸ್ಟರ ಮುಖ ಬಿಳಿಚಿಕೊಂಡಿತು. ಅವರಿಗೆ ಗೊತ್ತಿದೆ: ಮುನಿಸಿಕೊಂಡ ಮೇಸ್ತ್ರಿ ಬಿಟ್ಟುಹೋದ ಮನೆಯನ್ನು ನಮ್ಮ ಪಂಗಡದ ಇನ್ನೊಬ್ಬ ಮೇಸ್ತ್ರಿ ಮುಟ್ಟುವುದಿಲ್ಲ, ಅದು ಹಾಗೇ ಕೊಳೆಯಬೇಕು. ಮಧ್ಯಾಹ್ನಕ್ಕೆ ಸುಟ್ಟ ಹಂದಿ ಬಂತು, ಬಾಚಿ ಕೈಗೆ ಬಂತು.

ಆ ಡಂಕನ್ ಮಾತ್ರ ಯಾವಾಗಲೂ ನನ್ನ ಎಡಭುಜದ ಹಿಂದೆ. ಅವನ ಪೆಟ್ಟಿಗೆಯ ಕೆಂಪು ಕಣ್ಣು ಒಂದು ಕ್ಷಣ ಮುಚ್ಚಲಿಲ್ಲ. ಬಾಕಿ ಕಟ್ಟುಗಳನ್ನೆಲ್ಲ ಸುಮ್ಮನೆ ನೋಡಿದವನು ನೆತ್ತಿಕಟ್ಟಿನ ಹೊತ್ತಿಗೆ, "ಇನ್ನೊಂದ್ಸಲ ನಿಧಾನವಾಗಿ ಕಟ್ತೀರಾ?" ಎಂದು ಕೇಳಿದನಲ್ಲ, ಅದು ಯಾಕೆ? ನಿಧಾನ ಬೇಕಾದದ್ದು ಕಲಿಯುವವನಿಗೋ, ಕದಿಯುವವನಿಗೋ?

ಕೇಳಿದ್ದನ್ನೆಲ್ಲ ತೋರಿಸಿದ್ದೇನೆ. ಹಗ್ಗ ಸಾಲದ್ದರಿಂದ ನೆತ್ತಿಯನ್ನು ಸದ್ಯಕ್ಕೆ ತಂತಿಯಲ್ಲಿ ಬಿಗಿದಿದ್ದೇನೆ. ಇಲ್ಲಿ ನಾವು ಮುದುಕರು ನಾರು ಹೊಸೆದು ಮುಗಿದ ಮೇಲೆ ಹಗ್ಗ ಕಳಿಸುತ್ತೇವೆ. ತಂತಿ ಬಿಚ್ಚಿ ಹಗ್ಗ ಕಟ್ಟುವ ಕೆಲಸ ಮಕ್ಕಳೇ ಮಾಡಲಿ. ಇನ್ನು ನನ್ನನ್ನು ಏನೂ ಕೇಳಬೇಡ.

ಸೆಪುಲೋನಾ

•

ಅಪಿಯಾ
೨೧ ಮೇ ೨೦೧೨

ದೊಡ್ಡಪ್ಪನವರಿಗೆ,

ಏನೂ ಕೇಳಬೇಡ ಎಂದಿದ್ದೀರಿ. ಕೇಳುವ ಮೊದಲು ಒಂದು ತಪ್ಪೊಪ್ಪಿಗೆ. ಏಳನೆಯ ಕಲಮನ್ನು ನಾನು ಓದಿರಲಿಲ್ಲ. ಹೊಸ ಯಂತ್ರ ಬರುತ್ತದೆಂಬ ಖುಷಿಯಲ್ಲಿ ಕೊನೆಯ ಪುಟಕ್ಕೆ ಹಾರಿ ಶಾಲೆಯ ಪರವಾಗಿ ರುಜು ಹಾಕಿದ್ದೆ. ನೀವು ಹೋದ ಮೇಲೆ ಆ ಕಲಮನ್ನು ಹೊಡೆದುಹಾಕಿ ಎಂದು ಸಂಸ್ಥೆಯವರನ್ನು ಕೇಳಿದೆ. ಅವರು ಒಪ್ಪಲಿಲ್ಲ. ನಾನು ರುಜು ಹಿಂದಕ್ಕೆ ತೆಗೆದುಕೊಂಡೆ. ಡಂಕನ್ ಚಿತ್ರಗಳನ್ನೆಲ್ಲ ಇಲ್ಲೇ ಬಿಟ್ಟು ಹೋದರು. ಹೋಗುವಾಗ ನಿಮ್ಮ ದೊಡ್ಡಪ್ಪ ನನ್ನನ್ನು ಒಂದು ದಿನವೂ ನಂಬಲಿಲ್ಲ ಎಂದು ನಕ್ಕರು. ಐದು ಯಂತ್ರ ಬರುವುದಿಲ್ಲ. ಚಿತ್ರಗಳು ಶಾಲೆಯ ಬೀರುವಿನಲ್ಲಿವೆ, ಕೀಲಿಕೈ ನನ್ನ ಹತ್ತಿರವಿದೆ.

ಇರುವ ನಾಲ್ಕರಲ್ಲೇ ಪಾಠ ನಡೆಯುತ್ತಿದೆ. ನೀವು ಒಮ್ಮೆ ಕೇಳಿದ್ದಿರಿ, ಈ ಯಂತ್ರ ಎಂಥ ಕೆಲಸಗಾರ ಎಂದು. ಹೇಳಿದಷ್ಟೇ ಮಾಡುತ್ತದೆ, ಹೇಳದಿದ್ದನ್ನು ಊಹಿಸುವುದಿಲ್ಲ ಎಂದೆ. ಅಂಥವನನ್ನು ನಾನು ಎರಡು ದಿನ ಇಟ್ಟುಕೊಳ್ಳುವುದಿಲ್ಲ ಎಂದು ನೀವು ನಕ್ಕಿದ್ದಿರಿ. ಆದರೆ ಮಕ್ಕಳಿಗೆ ಅದರಿಂದಲೇ ಲಾಭ. ಒಂದು ಹೆಜ್ಜೆ ಬಿಟ್ಟು ಬರೆದರೆ ತೆರೆಯ ಮೇಲೆ ಹಗ್ಗ ಗಾಳಿಯಲ್ಲಿ ನಿಲ್ಲುತ್ತದೆ. ಆಗ ಎಲ್ಲರೂ ಅಂಗಳಕ್ಕೆ ಓಡಿ, ಕಂಬ ಹಿಡಿದು, ಮೇಲೆ ನೋಡಿ, ಬೆರಳಲ್ಲಿ ಎಣಿಸಿ, ಮತ್ತೆ ಒಳಗೆ ಓಡಿ ಬರುತ್ತಾರೆ. ಮೊದಲು ನೆಲ ನೋಡುತ್ತಿದ್ದವರು ಈಗ ಮಾಡು ನೋಡುತ್ತಾರೆ. ಇದು ನಿಮ್ಮಿಂದಾದದ್ದು.

ಈಗ ಪ್ರಶ್ನೆ. ನೆತ್ತಿಕಟ್ಟಿನ ಹನ್ನೊಂದನೆಯ ಸುತ್ತನ್ನು ಹತ್ತನೆಯದರ ಮೇಲಿನಿಂದ ಹಾಯಿಸಬೇಕೋ, ಅಡಿಯಿಂದ ನುಸುಳಿಸಬೇಕೋ? ನೀವು ಮೇಲಿನಿಂದ ತೋರಿಸಿದಿರಿ ಎಂದು ಮಕ್ಕಳು ಬರೆದುಕೊಂಡಿದ್ದಾರೆ. ಅದೇ ಸರಿಯೇ? ದಯವಿಟ್ಟು ಖಚಿತಪಡಿಸಿ.

ಲಾಂಗಿಮೈನಾ

•

ಸವಾಯಿ ದ್ವೀಪ
೪ ಜೂನ್ ೨೦೧೨

ಲಾಂಗಿಮೈನಾ,

ತೋರಿಸಿದ್ದು ತೋರಿಸಿದಂತೆಯೇ. ಮೇಲಿನಿಂದ. ಐವತ್ತು ವರ್ಷ ಕಟ್ಟಿದವನನ್ನು ಸರಿಯೇ ಎಂದು ಕೇಳಬಾರದು.

ಒಂದು ಕೀಲಿಕೈ ನಿನ್ನ ಹತ್ತಿರವಿದೆ ಎಂದೆ. ಬೀಗಕ್ಕೆ ಎರಡು ಕೀಲಿಕೈ ಬರುತ್ತವೆ. ಇನ್ನೊಂದು ಯಾರ ಹತ್ತಿರವಿದೆ?

ಹಗ್ಗ ಮುಂದಿನ ವಾರದ ಬಸ್ಸಿಗೆ ಕಳಿಸುತ್ತೇನೆ.

ಸೆಪುಲೋನಾ

•

ಅಪಿಯಾ
೨೫ ಜೂನ್ ೨೦೧೨

ದೊಡ್ಡಪ್ಪನವರಿಗೆ,

ಹಗ್ಗ ತಲುಪಿತು. ನಾಲ್ಕು ಉಂಡೆ, ಒದ್ದೆಯಾಗಿಲ್ಲ.

ಫಾಲೆಯ ಉದ್ಘಾಟನೆ ಜುಲೈ ೨೦, ಶುಕ್ರವಾರ. ಅಷ್ಟರಲ್ಲಿ ಮಕ್ಕಳು ನೆತ್ತಿಯ ತಂತಿ ಬಿಚ್ಚಿ, ನೀವು ಹೇಳಿಕೊಟ್ಟಂತೆಯೇ ಕಟ್ಟುತ್ತಾರೆ. ಒಂದನೇ ತರಗತಿಯ ಮೂವತ್ತೆರಡು ಮಕ್ಕಳು ನೆತ್ತಿಯ ನೇರ ಕೆಳಗೆ ಕುಳಿತು ಹಾಡುತ್ತಾರೆ. ಅದೇ ಜಾಗ ಯಾಕೆಂದರೆ ಅಲ್ಲಿ ದನಿ ಚೆನ್ನಾಗಿ ಕೇಳುತ್ತದೆ. ನೀವೂ ದೊಡ್ಡಮ್ಮನೂ ಬರಬೇಕು.

ಬೀಗದ ಇನ್ನೊಂದು ಕೀಲಿಕೈಯೂ ನನ್ನ ಹತ್ತಿರವೇ ಇದೆ.

ಲಾಂಗಿಮೈನಾ

•

ಸವಾಯಿ ದ್ವೀಪ
೯ ಜುಲೈ ೨೦೧೨

ಲಾಂಗಿಮೈನಾ, ಇದನ್ನು ನಾನು, ನಿನ್ನ ದೊಡ್ಡಮ್ಮ, ಪಾದ್ರಿಗಳ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿನ್ನ ದೊಡ್ಡಪ್ಪನವರಿಗೆ ಗೊತ್ತಿಲ್ಲ.

ನಿನ್ನ ಕೊನೆಯ ಕಾಗದದಲ್ಲಿ ಏನು ಬರೆದಿದ್ದೆ? ಅದು ಬಂದಾಗಿನಿಂದ ಮನುಷ್ಯ ಸರಿಯಿಲ್ಲ. ಭಾನುವಾರದ ಊಟಕ್ಕೆ ಕೆಸುವಿನೆಲೆಯಲ್ಲಿ ತೆಂಗಿನಹಾಲು ಬೇಯಿಸಿದ್ದೆ, ಮುಟ್ಟಲಿಲ್ಲ. ಎರಡು ಕೋಲು ಹಿಡಿದುಕೊಂಡು ಹಗ್ಗ ಸುತ್ತುವುದು, ಬಿಚ್ಚುವುದು, ಸುತ್ತುವುದು, ಬಿಚ್ಚುವುದು. ಏನಾಯ್ತು ಎಂದು ಕೇಳಿದರೆ, "ಮೂವತ್ತೆರಡು ಮಕ್ಕಳು ಸಲೋಟೆ, ಮೂವತ್ತೆರಡು" ಎಂದರು. ನಮಗೆ ಮಕ್ಕಳಿಲ್ಲದ್ದಕ್ಕೆ ಈಗ ಕೊರಗುತ್ತಿದ್ದಾರೋ ಎಂದು ನಾನೂ ಅತ್ತೆ. ಅದಲ್ಲ ಎಂದು ಗದರಿಸಿದರು.

ನಿನ್ನ ಅಪ್ಪನ ಹೆಸರನ್ನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಎತ್ತಿದರು. ಏನಿದ್ದರೂ ಬೇಗ ಬರೆ.

ಸಲೋಟೆ

•

ಸವಾಯಿ ದ್ವೀಪ
೧೧ ಜುಲೈ ೨೦೧೨

ಮಗಳೇ,

ಈ ಕಾಗದವನ್ನು ಬಸ್ಸಿನವನ ಕೈಗೆ ಕೊಡುವಾಗ ಮೂರು ಸಲ ಎಣಿಸಿ ಹೇಳುತ್ತೇನೆ, ಅವಳ ಕೈಗೇ ಕೊಡು, ಅವಳ ಕೈಗೇ, ಅವಳ ಕೈಗೇ ಎಂದು.

ನೆತ್ತಿಯ ತಂತಿ ಬಿಚ್ಚಬೇಡ. ಮಕ್ಕಳು ಆಗಲೇ ಹಗ್ಗ ಕಟ್ಟಿದ್ದರೆ ಅದರ ಕೆಳಗೆ ಯಾರನ್ನೂ ಬಿಡಬೇಡ. ಹನ್ನೊಂದನೆಯ ಸುತ್ತು ಅಡಿಯಿಂದ ನುಸುಳಬೇಕು. ಆಗ ಹತ್ತನೆಯದು ಅದರ ಮೇಲೆ ಕುಳಿತು ಬಿಗಿ ಹಿಡಿಯುತ್ತದೆ. ಮೇಲಿನಿಂದ ಹಾಯಿಸಿದರೆ ನೋಡಲು ಒಂದೇ ಥರ, ಹಿಡಿತ ಮಾತ್ರ ಇಲ್ಲ. ನಾಲ್ಕು ಗಾಳಿಗೆ ಸಡಿಲವಾಗಿ ಐದನೆಯದಕ್ಕೆ ನೆತ್ತಿ ಬಿಚ್ಚಿಕೊಳ್ಳುತ್ತದೆ.

ನಾನು ಬೇಕೆಂದೇ ತಪ್ಪು ತೋರಿಸಿದೆ. ಕೈ ಮರೆತದ್ದಲ್ಲ.

ಆ ಸುಳ್ಳು ಸುತ್ತು ನನ್ನದಲ್ಲ, ನಮ್ಮ ಅಪ್ಪನದು. ನಾನೂ ಮೋಸೆಯೂ ಕೆಲಸ ಕಲಿತು ಮುಗಿದ ದಿನ ಇಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದ್ದ: "ಹೊರಗಿನೋರು ಬಲವಂತ ಮಾಡಿದ್ರೆ ಹಿಂಗೆ ಕಟ್ಟಿ ತೋರ್ಸಿ. ನಾನು ಹೇಳಿದೆ ಅಂತ ಯಾರ ಹತ್ರಾನೂ ಬಾಯ್ಬಿಡ್ಬೇಡಿ, ನೀವಿಬ್ರೂ ನಿಮ್ಮನಿಮ್ಮಲ್ಲೂ ಆಡ್ಕೋಬೇಡಿ." ಆಡಿಕೊಳ್ಳಲಿಲ್ಲ. ಈ ಭೂಮಿಯ ಮೇಲೆ ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅಂಥ ಉಪಾಯ ಕೈಯಲ್ಲಿದ್ದೂ ಮೋಸೆ ನಿಜವಾದ ಕಟ್ಟನ್ನು ಮಾರಿಕೊಂಡನಲ್ಲ ಎಂದೇ ನನ್ನ ಹೊಟ್ಟೆ ಉರಿದದ್ದು.

ಡಂಕನ್ ಹೋದನೆಂದು ನೀನು ಬರೆದಾಗಲೇ ಹೇಳಬಹುದಿತ್ತು. ಆಗ ನನಗೆ ಅನ್ನಿಸಿದ್ದು, ಇದೂ ಒಂದು ಬಲೆ, ಅವನು ಹೋಗಿಲ್ಲ, ಪಕ್ಕದಲ್ಲಿ ಕುಳಿತು ಬರೆಸುತ್ತಿದ್ದಾನೆ ಎಂದು. ಆಮೇಲೆ ನಿನ್ನ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟಾಯಿತು. ಬಿಚ್ಚಿದರೆ ನನ್ನ ಮಾನ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡೆ. ಮಕ್ಕಳ ತಲೆಗಿಂತ ನನ್ನ ಮಾನ ಭಾರವಾಯಿತು, ಐದು ವಾರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎಂಬಂತೆ, ಸಲೋಟೆ ಹಗ್ಗ ಎಂದರೂ ಬೆಚ್ಚುತ್ತೇನೆ.

ನೀನು ಇದನ್ನು ಮೇಸ್ತ್ರಿ ಪಂಗಡಕ್ಕೆ ಹೇಳಬಹುದು. ಅವರು ನನ್ನ ಬಾಚಿ ಕಿತ್ತುಕೊಂಡರೆ ಅದು ನ್ಯಾಯವೇ.

ಸೆಪುಲೋನಾ

•

ಅಪಿಯಾ
೧೪ ಜುಲೈ ೨೦೧೨

ದೊಡ್ಡಪ್ಪ,

ಬಸ್ಸಿನವನು ನನ್ನ ಕೈಗೇ ಕೊಟ್ಟ. ಕೊಡುವ ಮೊದಲು ಹೆಸರು ಮೂರು ಸಲ ಕೇಳಿದ.

ಮೊದಲು ನೆಮ್ಮದಿಯ ಮಾತು. ತಂತಿ ಬಿಚ್ಚಿಲ್ಲ. ಹಗ್ಗದ ಉಂಡೆಗಳು ನೀವು ಕಳಿಸಿದಂತೆಯೇ ಇವೆ. ಯಾವ ಮಗುವೂ ಅಲ್ಲಿ ಕುಳಿತಿಲ್ಲ, ಕೂರಿಸುವವಳೂ ಅಲ್ಲ ನಾನು. ಉದ್ಘಾಟನೆಯ ದಿನವನ್ನು ನಿಮಗೊಬ್ಬರಿಗೇ ಹೇಳಿದ್ದು. ಹೆಡ್‌ಮಾಸ್ಟರಿಗೂ ಗೊತ್ತಿಲ್ಲ.

ತಪ್ಪು ನಮಗೆ ಮೇ ತಿಂಗಳಲ್ಲೇ ತಿಳಿದಿತ್ತು. ತೆಪೋರಾ ಎಂಬ ಹುಡುಗಿಯಿದ್ದಾಳಲ್ಲ, ನಿಮ್ಮ ದ್ವೀಪದವಳು, ಓದಲೆಂದು ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ, ನೀವು ಬಾಯಿಬಡುಕಿ ಎಂದು ಕರೆಯುತ್ತಿದ್ದಿರಿ. ಅವಳು ಯಂತ್ರಕ್ಕೊಂದು ಕೆಲಸ ಕೊಟ್ಟಿದ್ದಳು: ಒಂದೊಂದು ಸುತ್ತನ್ನೂ ಹಿಡಿದು, ನಿನ್ನನ್ನು ಯಾರು ಹಿಡಿದಿದ್ದಾರೆ ಎಂದು ಕೇಳಬೇಕು. ಒಂದನೆಯದಕ್ಕೆ ಎರಡು, ಎರಡನೆಯದಕ್ಕೆ ಮೂರು, ಹೀಗೇ ಉತ್ತರ ಬಂತು. ಕೊನೆಯದಾದ ಹನ್ನೊಂದಕ್ಕೆ ಬಂದಾಗ ಉತ್ತರದ ಜಾಗ ಖಾಲಿ. ತಾನೇ ತಪ್ಪು ಬರೆದೆನೆಂದು ಅವಳು ಮೂರು ದಿನ ಮೊದಲಿನಿಂದ ಬರೆದಳು. ನಾಲ್ಕನೆಯ ದಿನ ನನ್ನ ಹತ್ತಿರ ಬಂದು ಮೆಲ್ಲಗೆ, "ಮಿಸ್, ಹನ್ನೊಂದನ್ನ ಯಾರೂ ಹಿಡ್ಕೊಂಡಿಲ್ಲ. ತಾತ ಮರ್ತ್ರಾ, ಇಲ್ಲಾ ನಮ್ಮನ್ನ ನಂಬ್ಲಿಲ್ವಾ?" ಎಂದಳು.

ಅದಾದ ಮೇಲೆ ನಾನು ನಿಮ್ಮನ್ನು ಕೇಳಿದ್ದು. ತಿಳಿಯಲು ಕೇಳಿದ್ದಲ್ಲ, ನೀವು ಹೇಳುತ್ತೀರೋ ಇಲ್ಲವೋ ನೋಡಲು. ನೀವು ಸುಳ್ಳು ಹೇಳಿದಿರಿ. ನಿಜ ಹೊರಬರಲೆಂದೇ ನಾನು ಮೂವತ್ತೆರಡು ಮಕ್ಕಳನ್ನು ಕೂರಿಸುತ್ತೇನೆಂದು ಬರೆದೆ. ದೊಡ್ಡಮ್ಮನ ಕಾಗದ ಓದಿದಾಗ ನನಗೆ ನಾಚಿಕೆಯಾಯಿತು. ಅನುಮಾನದ ರಕ್ತ ನನ್ನಲ್ಲೂ ಹರಿಯುತ್ತಿದೆ, ಅದನ್ನು ಅಪ್ಪನಿಂದ ಪಡೆದಿಲ್ಲ.

ಈಗ ಮುಖ್ಯವಾದದ್ದು. ಕುಳಿತುಕೊಂಡು ಓದಿ.

ಆ ದಿನ ತೆಪೋರಾ ಇನ್ನೊಂದು ಮಾತೂ ಹೇಳಿದ್ದಳು. "ಈ ಕಟ್ಟು ನಂಗೊತ್ತು ಮಿಸ್. ನಮ್ಮಮ್ಮ ಬಟ್ಟೆ ಒಗೆಯೋ ಹೋಟ್ಲಲ್ಲಿ ಕಂಬಕ್ಕೆಲ್ಲ ಇದೇ ಇದೆ. ಚಿಕ್ಕೋಳಿದ್ದಾಗ ಬೆರಳಿಟ್ಟು ಎಣಿಸ್ತಾ ಆಡ್ತಿದ್ದೆ. ಅಲ್ಲೂ ಹನ್ನೊಂದು ಮೇಲೇನೇ." ಕಡಲಂಚಿನ ಆ ಹೋಟೆಲೇ, ದೊಡ್ಡಪ್ಪ. ನಾನು ಅದಕ್ಕೆ ಬೆಲೆ ಕೊಡಲಿಲ್ಲ. ಸುಳ್ಳು ಸುತ್ತು ಭೂಮಿಯ ಮೇಲೆ ಇಬ್ಬರಿಗೇ ಗೊತ್ತಿತ್ತೆಂದು ನೀವು ಬರೆದದ್ದನ್ನು ಓದಿದ ಮೇಲೆ ಅವಳ ಮಾತು ನೆನಪಾಯಿತು.

ತೆಪೋರಾಳ ಅಮ್ಮನಿಗೆ ಫೋನ್ ಮಾಡಿಸಿ ಕೇಳಿದೆ. ಆ ಕಂಬಗಳ ಒಳಗೆ ಕಬ್ಬಿಣದ ಬೋಲ್ಟುಗಳಿವೆಯಂತೆ. ಹಗ್ಗ ಬರೀ ಅಲಂಕಾರ. ನಮ್ಮಪ್ಪ ಸುಳ್ಳನ್ನು ಯಾರ ತಲೆಯ ಮೇಲೂ ಬೀಳದ ಜಾಗ ನೋಡಿ ಕಟ್ಟಿದ್ದ. ಅವನು ಏನನ್ನೂ ಮಾರಿರಲಿಲ್ಲ. ಅಜ್ಜನ ಮಾತು ಮೀರಿ ಬಾಯಿಬಿಡುವಂತಿರಲಿಲ್ಲ, ಅದಕ್ಕೇ ಹೋಗಿ ನೋಡು ಎಂದ.

ನನಗೆ ನಿಮ್ಮ ಮೇಲೆ ಬಹಳ ಸಿಟ್ಟಿದೆ. ಪಂಗಡಕ್ಕೆ ಹೇಳುವುದಿಲ್ಲ. ಮಾಡು ಅರ್ಧಕ್ಕೆ ನಿಂತಿದೆ, ನಿಮ್ಮನ್ನು ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ಅದರ ಕೆಲಸಕ್ಕೆ ಬರುವ ಮೊದಲು, ಹೋಗಿ ನೋಡಿ ಬನ್ನಿ.

ಲಾಂಗಿಮೈನಾ

•

ಸವಾಯಿ ದ್ವೀಪ
೧೭ ಜುಲೈ ೨೦೧೨

ಮಗಳೇ,

ಗುರುವಾರದ ದೋಣಿಗೆ ಬರುತ್ತೇನೆ. ಸಲೋಟೆ ಚಾಪೆಯೊಂದನ್ನು ಕಟ್ಟಿಟ್ಟಿದ್ದಾಳೆ, ಈ ಸಲ ಅದನ್ನು ಹೊತ್ತು ತರುವವನು ನಾನು. ನಿಮ್ಮ ಶಾಲೆಯ ಅಂಗಳದಲ್ಲಿ ಆ ಬಾಯಿಬಡುಕಿಯ ಮುಂದೆ ಹಾಸುತ್ತೇನೆ. ಅವಳು ನನ್ನ ಎಡಭುಜದ ಹತ್ತಿರ ನಿಲ್ಲಲಿ. ನಿಧಾನವಾಗಿಯೇ ಕಟ್ಟುತ್ತೇನೆ, ಅವಳು ಸಾಕೆನ್ನುವ ತನಕ. ಬರೆದುಕೊಳ್ಳಲಿ. ಮೂವತ್ತೆರಡು ಮಕ್ಕಳಿಗಿಂತ ಮೊದಲು ನೆತ್ತಿಯ ಕೆಳಗೆ ಒಂದು ರಾತ್ರಿ ನಾನು ಮಲಗುತ್ತೇನೆ.

ನಿನ್ನೆ ಹೋಗಿದ್ದೆ. ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಹತ್ತೊಂಬತ್ತು ವರ್ಷ, ಅರ್ಧ ಗಂಟೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ನಾನು ಕಾಣುವುದಕ್ಕೂ ಹೋಗಿರಲಿಲ್ಲ.

ಮೊದಲ ಕಂಬಕ್ಕೆ ಕೈಯಿಟ್ಟು ಎಣಿಸಿದೆ. ಹನ್ನೊಂದು ಮೇಲಿತ್ತು. ಎರಡನೆಯದರಲ್ಲೂ ಮೇಲೆ. ಹದಿನಾಲ್ಕು ಕಂಬಗಳನ್ನೂ ಎಣಿಸಿದೆ. ಒಂದರಲ್ಲಾದರೂ ಕೆಳಗಿದ್ದರೆ ನನ್ನ ಸಿಟ್ಟಿಗೆ ಸ್ವಲ್ಪವಾದರೂ ನ್ಯಾಯ ಸಿಗುತ್ತಿತ್ತು. ಇರಲಿಲ್ಲ. ಕೊನೆಯ ಕಂಬಕ್ಕೆ ಹಣೆ ಊರಿ ನಿಂತುಬಿಟ್ಟೆ.

ಕಾವಲಿನವನು ನನ್ನನ್ನು ಬಹಳ ಹೊತ್ತಿನಿಂದ ಅನುಮಾನದಿಂದ ನೋಡುತ್ತಿದ್ದ. ಹತ್ತಿರ ಬಂದು, "ಏನ್ ತಾತ, ಕಂಬ ಕಂಬ ತಡವ್ತಿದ್ದೀರಾ, ಯಾರು ಬೇಕಿತ್ತು?" ಎಂದ.

ನನ್ನ ತಮ್ಮ ಎಂದೆ. ಹೆಸರು ಕೇಳಿದ. ಮೋಸೆ ಎಂದೆ. ಅವನು ಒಳಗೆ ಹೋಗಿ, ದೊಡ್ಡ ಪುಸ್ತಕ ತಿರುವಿ ನೋಡಿ ಬಂದು, ಆ ಹೆಸರಿನವರು ಯಾರೂ ಇಲ್ಲಿಲ್ಲ ಎಂದ.

"ಇದ್ದಾನಪ್ಪ. ನಾನೇ ಬಂದಿರ್ಲಿಲ್ಲ" ಎಂದೆ.

ನಿನ್ನ ದೊಡ್ಡಪ್ಪ,
ಸೆಪುಲೋನಾ